ಕಣ್ಣಿಗೆ ಕಾಡಿಗೆ, ರೆಪ್ಪೆಗೆ ನೆರಳು

ಡಿಸೆಂಬರ್ ಬಂತೆಂದರೆ ಶಾಲೆ, ಕಾಲೇಜುಗಳಲ್ಲಿ ಗ್ಯಾದರಿಂಗಿನ ಗಡಿಬಿಡಿ ಶುರುವಾಗುತ್ತದೆ. ಬೀದರ್ ತಾಲ್ಲೂಕಿನ ಮನ್ನಳ್ಳಿಯಂಥ ಊರಾಗಲಿ, ಭಾಲ್ಕಿ, ಔರಾದ್‌ಗಳ ಕಾಲೇಜಾಗಲಿ, ವೇದಿಕೆಯ ಹಿಂದಿನ ಕೋಣೆಯಲ್ಲಿ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಕೋಲಾಟಕ್ಕೆ, ಲಂಬಾಣಿ ನೃತ್ಯಕ್ಕೆ, ವಚನ ರೂಪಕಕ್ಕೆ ಅಣಿಯಾಗುತ್ತಿರುವ ಇಪ್ಪತ್ತು ಹುಡುಗಿಯರು. ಅವರೆಲ್ಲರಿಗೂ ಸೇರಿ ಒಂದು ಕನ್ನಡಿ, ಒಂದು ಐಶ್ಯಾಡೋ ಡಬ್ಬಿ, ಒಂದು ಕಾಜಲ್ ಕಡ್ಡಿ. ಅರ್ಧ ಗಂಟೆಯೊಳಗೆ ಎಲ್ಲರ ಕಣ್ಣೂ ನೀಲಿಯಾಗಬೇಕು, ಎಲ್ಲರ ರೆಪ್ಪೆಯೂ ಕಪ್ಪಾಗಬೇಕು. ಮನೆಗೆ ಬಂದ ಮಗಳ ಮುಖ ನೋಡಿದ ತಾಯಿ, ‘ಓದೋದು ಬಿಟ್ಟು ಇದೇನು ಹಚ್ಕೊಂಡಿ?’ ಎಂದು ಗದರುತ್ತಾಳೆ. ಮಗಳು ಮುಖ ಊದಿಸಿಕೊಂಡು ಹಾಗೇ ಮಲಗಿಬಿಡುತ್ತಾಳೆ.

ತಾಯಿಯ ಆತಂಕ ಸುಳ್ಳಲ್ಲ. ಮಗಳ ಆಸೆ ತಪ್ಪೂ ಅಲ್ಲ. ಆದರೆ ಇಬ್ಬರೂ ಗಮನಿಸದೆ ಬಿಟ್ಟ ಸಂಗತಿ ಬೇರೆಯೇ ಇದೆ. ಹಚ್ಚಿದ್ದು ಏನು, ಅದು ಯಾರ ಡಬ್ಬಿ, ಕಣ್ಣಿನ ಯಾವ ಭಾಗಕ್ಕೆ ಹಚ್ಚಿದ್ದು, ಮಲಗುವ ಮುಂಚೆ ತೆಗೆದದ್ದು ಹೇಗೆ ಎಂಬ ನಾಲ್ಕು ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ. ಕಣ್ಣಿನ ಅಂದ, ಕಣ್ಣಿನ ಆರೋಗ್ಯ ಎರಡೂ ನಿಂತಿರುವುದು ಈ ನಾಲ್ಕರ ಮೇಲೆ.

ಹೆಸರು ಹಲವು, ಪದಾರ್ಥ ಎರಡು

ಬೀದರ್ ಜಿಲ್ಲೆಯಲ್ಲಿ ಕಣ್ಣಿಗೆ ಹಚ್ಚುವ ಕಪ್ಪಿಗೆ ಹೆಸರು ಒಂದಲ್ಲ. ಕನ್ನಡದ ಮನೆಯಲ್ಲಿ ಅದು ಕಾಡಿಗೆ, ಮರಾಠಿ ಮನೆಯಲ್ಲಿ ಕಾಜಳ, ತೆಲುಗಿನವರಿಗೆ ಕಾಟುಕ. ಉರ್ದು ಮಾತಾಡುವ ಮನೆಯಲ್ಲಿ ಕಾಜಲ್ ಬೇರೆ, ಸುರ್ಮಾ ಬೇರೆ. ಈ ಕೊನೆಯ ಭೇದವನ್ನು ಎಲ್ಲರೂ ನೆನಪಿಡಬೇಕು. ಹೆಸರು ಎಷ್ಟೇ ಇದ್ದರೂ ಹಳೆಯ ಕಾಲದಿಂದ ಬಂದ ಪದಾರ್ಥಗಳು ಮುಖ್ಯವಾಗಿ ಎರಡು: ಒಂದು ದೀಪದ ಮಸಿ, ಇನ್ನೊಂದು ಅರೆದ ಕಲ್ಲು.

ದೀಪದ ಮಸಿಯಿಂದ ಆಗುವುದು ಕಾಡಿಗೆ. ಹರಳೆಣ್ಣೆ ಅಥವಾ ತುಪ್ಪದ ದೀಪ ಹಚ್ಚಿ, ಅದರ ಮೇಲೆ ಹಿತ್ತಾಳೆ ಇಲ್ಲವೆ ತಾಮ್ರದ ತಟ್ಟೆ ಬೋರಲಾಗಿಟ್ಟು, ಕೂಡಿದ ಮಸಿಯನ್ನು ಕೆರೆದು, ಒಂದೆರಡು ಹನಿ ತುಪ್ಪದಲ್ಲಿ ಕಲಸಿದರೆ ಮನೆಯ ಕಾಡಿಗೆ ಸಿದ್ಧ. ಕೆಲವು ಮನೆಗಳಲ್ಲಿ ನಂದಿಬಟ್ಟಲ ಹೂವಿನ ರಸ ಅಥವಾ ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಟ್ಟೆ ಅದ್ದಿ ಒಣಗಿಸಿ ಬತ್ತಿ ಮಾಡುವುದೂ ಉಂಟು. ರಸಾಯನಶಾಸ್ತ್ರದ ಭಾಷೆಯಲ್ಲಿ ಮಸಿ ಎಂದರೆ ಬಹುಪಾಲು ಇಂಗಾಲ. ಅಂಗಡಿಯ ಅನೇಕ ಐಲೈನರ್‌ಗಳ ಕಪ್ಪು ಕೂಡ ಇಂಗಾಲದ್ದೇ. ಉಳಿದವುಗಳಲ್ಲಿ ಕಪ್ಪು ಐರನ್ ಆಕ್ಸೈಡ್ ಇರುತ್ತದೆ.

ಅರೆದ ಕಲ್ಲಿನ ಕಥೆ ಬೇರೆ. ಸಾಂಪ್ರದಾಯಿಕ ಸುರ್ಮಾಕ್ಕೆ ಬಳಸುತ್ತ ಬಂದಿರುವ ಹೊಳೆಯುವ ಬೂದುಗಪ್ಪು ಕಲ್ಲು ಬಹುಮಟ್ಟಿಗೆ ಗೆಲೀನ, ಅಂದರೆ ಸೀಸದ ಸಲ್ಫೈಡ್. ಪ್ರಾಚೀನ ಈಜಿಪ್ಟಿನ ಹೆಂಗಸರು, ಗಂಡಸರು ಕಣ್ಣಿಗೆ ತೀಡುತ್ತಿದ್ದ ಕಪ್ಪೂ ಇದೇ. ಅವರ ಹಸಿರು ಬಣ್ಣ ಮ್ಯಾಲಕೈಟ್ ಎಂಬ ತಾಮ್ರದ ಅದಿರಿನದು. ಅರಬ್ಬಿಯಲ್ಲಿ ಈ ಪುಡಿಗೆ ‘ಕುಹ್ಲ್’ ಎಂದು ಹೆಸರು. ಅದಕ್ಕೆ ‘ಅಲ್’ ಸೇರಿ, ಅರ್ಥ ಬದಲಾಗುತ್ತ ಹೋಗಿ, ಇಂದಿನ ‘ಆಲ್ಕೋಹಾಲ್’ ಎಂಬ ಪದ ಹುಟ್ಟಿತು.

ಪಿಯುಸಿ ವಿಜ್ಞಾನದ ವಿದ್ಯಾರ್ಥಿಗೆ ಇಲ್ಲೊಂದು ಸಣ್ಣ ಲೆಕ್ಕ. ಸೀಸದ ಪರಮಾಣು ತೂಕ 207, ಗಂಧಕದ್ದು 32. ಎರಡೂ ಕೂಡಿದರೆ 239. ಹಾಗಾದರೆ ಶುದ್ಧ ಗೆಲೀನದಲ್ಲಿ ಸೀಸದ ಪಾಲು ನೂರಕ್ಕೆ 86ಕ್ಕಿಂತ ಹೆಚ್ಚು. ಕಣ್ಣಿಗೆ ಹಚ್ಚಿದ್ದು ಕಣ್ಣಲ್ಲೇ ಉಳಿಯುವುದಿಲ್ಲ. ಕಣ್ಣೀರಿನೊಂದಿಗೆ ಮೂಗಿಗೆ, ಗಂಟಲಿಗೆ ಇಳಿಯುತ್ತದೆ. ಕಣ್ಣುಜ್ಜಿದ ಬೆರಳಿನಿಂದ ಬಾಯಿಗೂ ಹೋಗುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸ ಬೆಳೆಯುವ ಮಿದುಳಿಗೆ ಪೆಟ್ಟು ಕೊಡುತ್ತದೆ. ಗಮನ, ಕಲಿಕೆ, ಬುದ್ಧಿಶಕ್ತಿ ಕುಗ್ಗುತ್ತವೆ. ಮಕ್ಕಳ ಅಂಕಗಳ ಬಗ್ಗೆ ಚಿಂತಿಸುವ ಮನೆಯವರು ಹಬ್ಬದ ದಿನ ತೆಗೆಯುವ ಹಳೆಯ ಸುರ್ಮಾದಾನಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸುವುದು ಒಳ್ಳೆಯದು.

ಹಾಗೆಂದು ಮನೆಯ ಕಾಡಿಗೆ ಪೂರ್ತಿ ನಿರಪಾಯವೆಂದಲ್ಲ. ಅದರಲ್ಲಿ ಸೀಸ ಬೆರೆಸದಿದ್ದರೂ ಮಸಿಯ ಕಣ, ಹಳೆಯ ತುಪ್ಪ, ತೊಳೆಯದ ಬೆರಳು ಸೇರಿದರೆ ಸೋಂಕಿಗೆ ಅಷ್ಟೇ ಸಾಕು. ಎಳೆಗೂಸಿನ ಕಣ್ಣೊಳಗೆ ಕಾಡಿಗೆ ತೀಡುವುದನ್ನು ಮಕ್ಕಳ ವೈದ್ಯರು ಬೇಡವೆನ್ನುತ್ತಾರೆ. ಕಾಡಿಗೆಯಿಂದ ಕಣ್ಣು ದೊಡ್ಡದಾಗುತ್ತದೆ, ದೃಷ್ಟಿ ಚುರುಕಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಜ್ಜಿಯ ಸಮಾಧಾನಕ್ಕೆ ದೃಷ್ಟಿಬೊಟ್ಟು ಇಡಲೇಬೇಕೆಂದರೆ ಅಂಗಾಲಿಗೆ ಇಡಬಹುದು.

ಚೀಟಿ ಓದುವ ಅಭ್ಯಾಸ

ಕಣ್ಣಿನ ಬಣ್ಣದ ಬಗ್ಗೆ ಕಾನೂನು ಬಿಗಿಯಾದದ್ದು ಕಣ್ಣು ಕಳೆದುಕೊಂಡವರ ನೋವಿನಿಂದ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲ್ಯೂರ್’ ಎಂಬ ರೆಪ್ಪೆಗೂದಲಿನ ಬಣ್ಣ ಮಾರಾಟಕ್ಕಿತ್ತು. ಅದನ್ನು ಹಚ್ಚಿಸಿಕೊಂಡ ಹಲವು ಹೆಂಗಸರ ಕಣ್ಣಿಗೆ ಭಾರೀ ಪೆಟ್ಟಾಯಿತು. ದೃಷ್ಟಿ ಹೋದದ್ದೂ ಉಂಟು, ಪ್ರಾಣ ಹೋದದ್ದೂ ಉಂಟು. ಆಗಿನ ಕಾನೂನಿನಲ್ಲಿ ಅದನ್ನು ತಡೆಯುವ ಅಧಿಕಾರವೇ ಸರ್ಕಾರಕ್ಕೆ ಇರಲಿಲ್ಲ. 1938ರಲ್ಲಿ ಹೊಸ ಕಾಯಿದೆ ಬಂದ ಮೇಲೆ ಆ ಅಧಿಕಾರ ದೊರೆಯಿತು. ಆ ಬಣ್ಣದಲ್ಲಿದ್ದಂಥ ರಾಸಾಯನಿಕ ಈಗಲೂ ತಲೆಗೂದಲಿನ ಅನೇಕ ಕಪ್ಪು ಬಣ್ಣಗಳಲ್ಲಿ ಇರುತ್ತದೆ. ಆದ್ದರಿಂದ ತಲೆಗೆ ಹಚ್ಚುವ ಡೈಯನ್ನು ಹುಬ್ಬಿಗೆ, ರೆಪ್ಪೆಗೂದಲಿಗೆ ಎಂದಿಗೂ ಹಚ್ಚಕೂಡದು.

ಭಾರತದಲ್ಲಿ 1940ರ ಔಷಧ ಮತ್ತು ಪ್ರಸಾಧನ ಕಾಯಿದೆಯೂ, 2020ರ ಪ್ರಸಾಧನ ನಿಯಮಗಳೂ ಇವೆ. ಬಣ್ಣಕ್ಕಾಗಿ ಸೀಸ ಅಥವಾ ಆರ್ಸೆನಿಕ್‌ನ ಸಂಯುಕ್ತಗಳನ್ನು ಬೆರೆಸಿದ ಪ್ರಸಾಧನಗಳ ತಯಾರಿಕೆಗೆ ಇಲ್ಲಿ ನಿಷೇಧವಿದೆ. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಯಾವ ತಿಂಗಳವರೆಗೆ ಬಳಸಬಹುದು ಎಂಬ ವಿವರ ಇರಬೇಕು. ಜಾತ್ರೆಯಲ್ಲಿ, ವಾರದ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಬಣ್ಣದ ಡಬ್ಬಿಯ ಮೇಲೆ ಇವು ಇಲ್ಲದಿದ್ದರೆ ಅದನ್ನು ಕೈಯಲ್ಲಿ ಹಿಡಿದು ನೋಡಿ ಅಲ್ಲೇ ಇಟ್ಟು ಬರುವುದು ಲೇಸು. ಸೀಸ ಇದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವಂಥದ್ದಲ್ಲ. ಮನೆಯಲ್ಲಿ ಪರೀಕ್ಷೆ ಮಾಡಿ ತಿಳಿಯುವಂಥದ್ದೂ ಅಲ್ಲ.

ಬಿದರಿಯಿಂದ ಕಲಿಯಬಹುದಾದ ಪಾಠ

ಐಶ್ಯಾಡೋ ಎಂಬ ಹೆಸರಿನಲ್ಲೇ ಅದರ ಕೆಲಸ ಅಡಗಿದೆ. ಅದು ರೆಪ್ಪೆಗೆ ಹಾಕುವ ನೆರಳು. ಗಾಢ ಬಣ್ಣ ಹಚ್ಚಿದ ಭಾಗ ಒಳಕ್ಕೆ ಸರಿದಂತೆ ಕಾಣುತ್ತದೆ, ತಿಳಿ ಬಣ್ಣ ಹಚ್ಚಿದ ಭಾಗ ಮುಂದಕ್ಕೆ ಬಂದಂತೆ ಕಾಣುತ್ತದೆ. ಚಿತ್ರಕಲೆಯ ತರಗತಿಯಲ್ಲಿ ಹಣ್ಣಿನ ಚಿತ್ರಕ್ಕೆ ನೆರಳು ಕೊಡುವಾಗ ಕಲಿತದ್ದೂ ಇದೇ ನಿಯಮ.

ಬೀದರಿನ ಮಕ್ಕಳಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. 2006ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಬಿದರಿ ಪಾತ್ರೆಯನ್ನೇ ನೋಡಬಹುದು. ಸತು ಮತ್ತು ತಾಮ್ರ ಬೆರೆತ ಪಾತ್ರೆಯ ಮೇಲೆ ಕುಶಲಕರ್ಮಿ ಚಿತ್ರ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಕೂರಿಸುತ್ತಾನೆ. ಆಗ ಬೂದು ಲೋಹದ ಮೇಲೆ ಬೆಳ್ಳಿ ಅಷ್ಟಾಗಿ ಎದ್ದು ಕಾಣುವುದಿಲ್ಲ. ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿ ಪಾತ್ರೆಗೆ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಕಪ್ಪು ಬಂದ ಮೇಲೆಯೇ ಬೆಳ್ಳಿಗೆ ಹೊಳಪು. ಕಣ್ಣಿನ ಅಲಂಕಾರದಲ್ಲೂ ಕಪ್ಪಿನ ಕೆಲಸ ಇಷ್ಟೇ: ತಾನು ಹಿಂದೆ ನಿಂತು ಕಣ್ಣಿನ ಬಿಳುಪನ್ನು, ಹೊಳಪನ್ನು ತೋರಿಸುವುದು. ಇಡೀ ರೆಪ್ಪೆಗೆ ಕಪ್ಪು ಬಳಿದರೆ ಹೊಳೆಯಲು ಜಾಗವೇ ಉಳಿಯುವುದಿಲ್ಲ.

ಬಣ್ಣದ ಮೂಲವೂ ಬೀದರಿನ ನೆಲದಲ್ಲಿ ಕಾಣಸಿಗುತ್ತದೆ. ಬೀದರ್ ಪಟ್ಟಣ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ನೆಲದ ಮೇಲೆ. ಆ ಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡ್‌ನಿಂದ ಬಂದದ್ದು. ಐಶ್ಯಾಡೋದ ಕಂದು, ಕೆಂಪು, ಹಳದಿ ಛಾಯೆಗಳೂ ಬಹುಮಟ್ಟಿಗೆ ಕಬ್ಬಿಣದ ಆಕ್ಸೈಡ್‌ಗಳವೇ. ಮಿಂಚು ಕೊಡುವುದು ಅಭ್ರಕ, ಬಿಳುಪು ಕೊಡುವುದು ಟೈಟಾನಿಯಂ ಡೈ ಆಕ್ಸೈಡ್. ಆದರೆ ನೆಲದ ಕೆಮ್ಮಣ್ಣನ್ನೇ ಕಣ್ಣಿಗೆ ಹಚ್ಚಲಾಗದು. ಅದರಲ್ಲಿ ಬೇರೆ ಲೋಹಗಳೂ ಕಲ್ಮಶಗಳೂ ಇರುತ್ತವೆ. ಆದ್ದರಿಂದ ಪ್ರಸಾಧನಕ್ಕೆ ಬೇಕಾದ ಆಕ್ಸೈಡನ್ನು ಕಾರ್ಖಾನೆಯಲ್ಲಿ ಶುದ್ಧವಾಗಿ ತಯಾರಿಸುತ್ತಾರೆ.

ನೆರಳು ಹಚ್ಚುವ ಕ್ರಮ

ಮೊದಲು ಕೈ, ಮುಖ ತೊಳೆದು ಒರೆಸಿಕೊಳ್ಳಬೇಕು. ಜಿಡ್ಡಿನ ರೆಪ್ಪೆಯ ಮೇಲೆ ಬಣ್ಣ ನಿಲ್ಲದೆ ಮಡಿಕೆಯಲ್ಲಿ ಗೆರೆಗೆರೆಯಾಗಿ ಕೂಡಿಕೊಳ್ಳುತ್ತದೆ. ಮುಖಕ್ಕೆ ಹಚ್ಚುವ ಫೌಂಡೇಶನ್ ಅನ್ನೇ ರೆಪ್ಪೆಗೂ ತೆಳುವಾಗಿ ಹಚ್ಚಿದರೆ ಬಣ್ಣ ಹಿಡಿದುಕೊಳ್ಳುತ್ತದೆ.

ಮೂರು ಛಾಯೆ ಸಾಕು. ಒಂದು ಚರ್ಮದ ಬಣ್ಣಕ್ಕಿಂತ ತುಸು ಗಾಢ, ಒಂದು ಇನ್ನೂ ಗಾಢ, ಒಂದು ತಿಳಿ. ಬ್ರಷ್ಷನ್ನು ಬಣ್ಣಕ್ಕೆ ಮೆಲ್ಲಗೆ ಮುಟ್ಟಿಸಿ, ಹೆಚ್ಚಾದ ಪುಡಿಯನ್ನು ಡಬ್ಬಿಯ ಅಂಚಿಗೆ ತಟ್ಟಿ ಉದುರಿಸಬೇಕು. ಮೊದಲ ಛಾಯೆ ಹೋಗಬೇಕಾದದ್ದು ಮೇಲ್ರೆಪ್ಪೆಯ ಮಡಿಕೆಗೆ. ಬ್ರಷ್ಷಿನ ಬಾಲ ಹಿಡಿದು, ಬಸ್ಸಿನ ಗಾಜಿನ ವೈಪರ್ ಆಡುವಂತೆ ಅತ್ತಿತ್ತ ಹಗುರವಾಗಿ ಆಡಿಸಬೇಕು. ಬ್ರಷ್ಷನ್ನು ಪೆನ್ನಿನಂತೆ ತುದಿಯಲ್ಲಿ ಹಿಡಿದರೆ ಒತ್ತಡ ಹೆಚ್ಚಾಗಿ ಕಲೆ ಬೀಳುತ್ತದೆ.

ಗಾಢ ಛಾಯೆ ಕಣ್ಣಿನ ಹೊರ ಮೂಲೆಗೆ ಮಾತ್ರ. ಇಂಗ್ಲಿಷಿನ ‘ವಿ’ ಅಕ್ಷರವನ್ನು ಅಡ್ಡ ಮಲಗಿಸಿದಂತೆ, ಒಂದು ಗೆರೆ ರೆಪ್ಪೆಗೂದಲಿನ ಬುಡಕ್ಕೂ ಇನ್ನೊಂದು ಮಡಿಕೆಗೂ ಹೊಂದುವಂತೆ ಹಚ್ಚಬೇಕು. ತಿಳಿ ಛಾಯೆ ರೆಪ್ಪೆಯ ನಡುವಿಗೆ. ಅಲ್ಲಿ ಬೆರಳಿನ ತುದಿಯೇ ಬ್ರಷ್ಷಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು ಉಳಿದದ್ದು ಬೆರೆಸುವ ಕೆಲಸ. ಹೊಸಬರು ತಪ್ಪುವುದು ಇಲ್ಲಿಯೇ. ಬಣ್ಣ ಮುಟ್ಟಿಸದ ಚೊಕ್ಕ ಬ್ರಷ್ಷಿನಿಂದ ಎರಡು ಛಾಯೆಗಳು ಕೂಡುವ ಅಂಚನ್ನು ಸಣ್ಣ ಸುತ್ತುಗಳಲ್ಲಿ ತೀಡುತ್ತ ಹೋಗಬೇಕು. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತಾದರೆ ಕೆಲಸ ಮುಗಿದಂತೆ. ಹುಬ್ಬಿನವರೆಗೆ ಬಣ್ಣ ಏರಿಸಬಾರದು. ಹೆಚ್ಚಾಯಿತು ಅನ್ನಿಸಿದರೆ ಅದರ ಮೇಲೆ ಇನ್ನೊಂದು ಬಣ್ಣ ಹಾಕದೆ ಹತ್ತಿಯಿಂದ ಒರೆಸುವುದು ಮೇಲು.

ಗೋಧಿ ಬಣ್ಣದ, ಎಣ್ಣೆಗೆಂಪಿನ, ಕಪ್ಪು ಮೈಬಣ್ಣದ ಹುಡುಗಿಯರಿಗೆ ತಾಮ್ರ, ಕಂಚು, ಕಂದು, ನೇರಳೆಹಣ್ಣಿನ ಬಣ್ಣ ಸೊಗಸಾಗಿ ಹೊಂದುತ್ತವೆ. ಹೆಚ್ಚು ಬಿಳುಪು ಬೆರೆತ ತಿಳಿನೀಲಿ, ತಿಳಿಗುಲಾಬಿಗಳು ಬೂದಿ ಬಳಿದಂತೆ ಕಾಣುವುದೇ ಹೆಚ್ಚು. ವೇದಿಕೆಯ ಬೆಳಕಿನ ಲೆಕ್ಕವೂ ಇದೆ. ಹಳದಿ ದೀಪದ ಕೆಳಗೆ ನೀಲಿ ಮಂಕಾಗುತ್ತದೆ, ತಾಮ್ರದ ಬಣ್ಣ ಬೆಳಗುತ್ತದೆ. ಕೆಂಪು ದೀಪ ಬಿದ್ದರೆ ಕೆಂಪು ಬಣ್ಣ ಮಾಯವಾದಂತಾಗುತ್ತದೆ. ಹಸಿರು ದೀಪ ಬಿದ್ದರೆ ಅದೇ ಕೆಂಪು ಕಪ್ಪಾಗಿ ಕಾಣುತ್ತದೆ. ಆದ್ದರಿಂದ ಒಮ್ಮೆ ವೇದಿಕೆಯ ದೀಪದಡಿ ನಿಂತು, ಗೆಳತಿಯನ್ನು ಕೊನೆಯ ಸಾಲಿಗೆ ಕಳಿಸಿ, ಹೇಗೆ ಕಾಣುತ್ತದೆಂದು ಕೇಳಿಕೊಳ್ಳಬೇಕು. ಕರಕುಶಲ ತರಗತಿಯ ಜರಿಪುಡಿಯನ್ನು ಮಾತ್ರ ರೆಪ್ಪೆಗೆ ಅಂಟಿಸಬಾರದು. ಅದರ ಚೂಪಾದ ಕಣ ಕಣ್ಣಿನ ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯನ್ನು ಗೀರಬಲ್ಲದು.

ಗೆರೆ ಎಲ್ಲಿರಬೇಕು?

ರೆಪ್ಪೆಯ ಅಂಚಿನಲ್ಲಿ, ಕೂದಲಿನ ಸಾಲಿನ ಒಳಬದಿಗೆ ಸಣ್ಣ ಸಣ್ಣ ರಂಧ್ರಗಳ ಸಾಲು ಇದೆ. ಅಲ್ಲಿಂದ ಒಂದು ಬಗೆಯ ಎಣ್ಣೆ ಜಿನುಗಿ ಕಣ್ಣೀರಿನ ಮೇಲೆ ತೆಳುವಾಗಿ ಹರಡುತ್ತದೆ. ಕಣ್ಣು ಒಣಗದಂತೆ ಕಾಯುತ್ತದೆ. ಒಳಅಂಚಿಗೆ ದಿನವೂ ಕಾಜಲ್ ತಿಕ್ಕಿದರೆ ಈ ರಂಧ್ರಗಳು ಮುಚ್ಚಿಕೊಳ್ಳಬಹುದು. ಉರಿ, ಕುರು, ಒಣಗಣ್ಣು ಅದರ ಫಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪೆನ್ಸಿಲ್ ಗೆರೆಯನ್ನು ರೆಪ್ಪೆಗೂದಲಿನ ಹೊರಗೂ ಒಳಗೂ ಎಳೆದು ಹೋಲಿಸಿ ನೋಡಿದರು. ಒಳಗೆ ಎಳೆದಾಗ ಐದೇ ನಿಮಿಷದಲ್ಲಿ ಹೆಚ್ಚು ಕಣಗಳು ಕಣ್ಣೀರಿನ ಪದರಕ್ಕೆ ಸೇರಿದ್ದವು.

ಆದ್ದರಿಂದ ಗೆರೆ ಕೂದಲಿನ ಹೊರಗಿರಲಿ. ಮೊಣಕೈಯನ್ನು ಮೇಜಿನ ಮೇಲೆ ಊರಿ, ಕನ್ನಡಿಯನ್ನು ಮುಖಕ್ಕಿಂತ ಕೆಳಗೆ ಇಟ್ಟು, ಕಣ್ಣು ಕೆಳಗೆ ಮಾಡಿ ನೋಡಿದರೆ ಮೇಲ್ರೆಪ್ಪೆ ತಾನೇ ಹರಡಿಕೊಳ್ಳುತ್ತದೆ. ಚರ್ಮವನ್ನು ಎಳೆದು ಹಿಡಿದರೆ ಬಿಟ್ಟಾಗ ಗೆರೆ ಸೊಟ್ಟಗಾಗುತ್ತದೆ. ಒಂದೇ ಉಸಿರಿಗೆ ಉದ್ದ ಗೆರೆ ಎಳೆಯದೆ, ಮೂರು ನಾಲ್ಕು ತುಂಡು ಗೆರೆ ಎಳೆದು ಕೂಡಿಸಬೇಕು. ಮೂಗಿನ ಕಡೆ ತೆಳು, ಹೊರಗಡೆ ತುಸು ದಪ್ಪ. ಬಾಲ ಬೇಕೆಂದರೆ ಕೆಳರೆಪ್ಪೆಯ ಅಂಚು ಹುಬ್ಬಿನ ತುದಿಯ ಕಡೆಗೆ ಮುಂದುವರಿದಂತೆ ಚಿಕ್ಕದಾಗಿ ಎಳೆಯಬೇಕು. ಎರಡೂ ಕಣ್ಣಿಗೆ ಸರದಿಯಂತೆ ಸ್ವಲ್ಪ ಸ್ವಲ್ಪ ಎಳೆದರೆ ಸಮವಾಗಿ ಬರುತ್ತದೆ. ಚಲಿಸುವ ಬಸ್ಸಿನಲ್ಲಿ, ಆಟೋದಲ್ಲಿ ಕೂತು ಗೆರೆ ಎಳೆಯುವ ಸಾಹಸ ಬೇಡ.

ದೂರದ್ದು ಕಾಣದವರು ಹಾಕುವ ಕನ್ನಡಕದಲ್ಲಿ ಕಣ್ಣು ಚಿಕ್ಕದಾಗಿ ಕಾಣುತ್ತದೆ. ಅಂಥ ಹುಡುಗಿಯರಿಗೆ ತಿಳಿ ನೆರಳು, ಸ್ಪಷ್ಟ ಗೆರೆ ಹೊಂದುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದವರು ಅಲಂಕಾರಕ್ಕೆ ಮುಂಚೆಯೇ ಲೆನ್ಸ್ ಹಾಕಿಕೊಳ್ಳಬೇಕು. ಅಲಂಕಾರ ತೆಗೆಯುವ ಮುಂಚೆಯೇ ಲೆನ್ಸ್ ತೆಗೆಯಬೇಕು.

ಒಂದೇ ಕಡ್ಡಿ, ನಲವತ್ತು ಕಣ್ಣು

2023ರ ಜುಲೈ, ಆಗಸ್ಟ್ ತಿಂಗಳಲ್ಲಿ ರಾಜ್ಯದ ತುಂಬ ಕಣ್ಣುಬೇನೆ ಹಬ್ಬಿದ್ದನ್ನು ಯಾರೂ ಮರೆತಿಲ್ಲ. ಆಗ ಅತಿ ಹೆಚ್ಚು ಪ್ರಕರಣಗಳು ಕಂಡುಬಂದ ಜಿಲ್ಲೆಗಳಲ್ಲಿ ಬೀದರ್ ಕೂಡ ಒಂದು. ಶಾಲೆ, ಹಾಸ್ಟೆಲ್‌ಗಳ ಮಕ್ಕಳು ಕೆಂಪು ಕಣ್ಣು ಮಾಡಿಕೊಂಡು ಮನೆ ಸೇರಿದರು. ಕಣ್ಣುಬೇನೆ ನೋಟದಿಂದ ಹರಡುವುದಿಲ್ಲ. ಮುಟ್ಟಿದ ಕೈ, ಒರೆಸಿದ ಟವೆಲ್, ಹಂಚಿಕೊಂಡ ಕಾಜಲ್ ಕಡ್ಡಿ ಅದರ ವಾಹನಗಳು. ಸೋಂಕು ಕಣ್ಣಿಗೆ ಕಾಣಿಸಿಕೊಳ್ಳುವ ಮುಂಚೆಯೇ ಕಡ್ಡಿಗೆ ತಗುಲಿರಬಹುದು.

ಪ್ರತಿ ಹುಡುಗಿಗೂ ಬೇರೆ ಬೇರೆ ಡಬ್ಬಿ ಕೊಡಿಸಲು ಎಲ್ಲ ಮನೆಗಳಿಗೂ ಆಗುವುದಿಲ್ಲ. ಅದಕ್ಕೂ ದಾರಿ ಇದೆ. ಕಾಜಲ್ ಕಡ್ಡಿ ಒಬ್ಬೊಬ್ಬರಿಗೂ ತನ್ನದೇ ಇರಲಿ. ಅಲಂಕಾರದಲ್ಲಿ ಕಡಿಮೆ ಖರ್ಚಿನ ವಸ್ತು ಅದು. ಐಶ್ಯಾಡೋ ಹಂಚಿಕೊಳ್ಳಲೇಬೇಕಾದರೆ ಚೊಕ್ಕ ಚಮಚದಿಂದ ಪುಡಿ ಕೆರೆದು ಕಾಗದದ ಮೇಲೆ ಹಾಕಿ, ಒಬ್ಬೊಬ್ಬರಿಗೂ ಹೊಸ ಹತ್ತಿಯ ಕಡ್ಡಿ ಕೊಡಬೇಕು. ಒಮ್ಮೆ ಕಣ್ಣಿಗೆ ತಾಗಿದ ಕಡ್ಡಿ ಮತ್ತೆ ಡಬ್ಬಿಗೆ ಹೋಗಬಾರದು. ಹುಡುಗರ ಬಯಲಾಟದ ವೇಷಕ್ಕೂ ಇದೇ ನಿಯಮ. ಪೆನ್ಸಿಲ್ ಆದರೆ ಬಳಸುವ ಮುಂಚೆ ತುದಿ ಕೆತ್ತಿದರೆ ಹೊಸ ಮೈ ಬರುತ್ತದೆ. ದ್ರವದ ಐಲೈನರ್, ಮಸ್ಕಾರಾಗಳನ್ನು ತೆರೆದು ಮೂರು ತಿಂಗಳಾದ ಮೇಲೆ ಬಿಸಾಡುವುದು ಕ್ಷೇಮ. ಒಣಗಿದ್ದಕ್ಕೆ ನೀರು ಬೆರೆಸುವುದು, ಉಗುಳು ಹಚ್ಚುವುದು ಸಲ್ಲದು. ಕಣ್ಣುಬೇನೆ ಬಂದು ಹೋದ ಮೇಲೆ ಆಗ ಬಳಸುತ್ತಿದ್ದುದನ್ನೆಲ್ಲ ಎಸೆಯಲೇಬೇಕು.

ಹೊಸ ಡಬ್ಬಿಯನ್ನು ಗ್ಯಾದರಿಂಗಿನ ದಿನವೇ ಮೊದಲ ಸಲ ತೆರೆಯಬಾರದು. ಎರಡು ದಿನ ಮುಂಚೆ ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ ನೋಡಿದರೆ ತುರಿಕೆ, ಕೆಂಪು ಬರುತ್ತದೋ ಇಲ್ಲವೋ ತಿಳಿಯುತ್ತದೆ.

ತೆಗೆದ ಮೇಲೆಯೇ ನಿದ್ದೆ

ಎಷ್ಟೇ ದಣಿವಾಗಿದ್ದರೂ ಬಣ್ಣ ತೆಗೆಯದೆ ಮಲಗಬಾರದು. ಹತ್ತಿಗೆ ಶುದ್ಧ ಕೊಬ್ಬರಿ ಎಣ್ಣೆ ಸ್ವಲ್ಪ ಹಾಕಿ, ಕಣ್ಣು ಮುಚ್ಚಿ, ರೆಪ್ಪೆಯ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಇಟ್ಟರೆ ಬಣ್ಣ ಕರಗುತ್ತದೆ. ಮೇಲಿನಿಂದ ಕೆಳಕ್ಕೆ ಮೆತ್ತಗೆ ಒರೆಸಿ, ಮುಖ ತೊಳೆಯಬೇಕು. ಗಸಗಸ ತಿಕ್ಕಿದರೆ ರೆಪ್ಪೆಗೂದಲು ಉದುರುತ್ತವೆ.

ಕಣ್ಣು ಉರಿದರೆ ಮೊದಲು ಶುದ್ಧ ನೀರಿನಿಂದ ತೊಳೆಯಬೇಕು. ನೋವು, ಕೆಂಪು, ಮಂಜು ಮಂಜಾದ ನೋಟ ಮರುದಿನವೂ ಉಳಿದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಬೀದರಿನ ಬ್ರಿಮ್ಸ್ ಆಸ್ಪತ್ರೆಯಲ್ಲಿ ಆ ವಿಭಾಗವಿದೆ. ಎದೆಹಾಲು, ಹರಳೆಣ್ಣೆ, ಯಾರಿಗೋ ಕೊಟ್ಟು ಉಳಿದ ಕಣ್ಣಿನ ಹನಿ ಹಾಕಿ ಪ್ರಯೋಗ ಮಾಡಕೂಡದು. ಕೆಲವು ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ವೈದ್ಯರ ಸಲಹೆ ಇಲ್ಲದೆ ಹಾಕಿದರೆ ಸಣ್ಣ ಸೋಂಕು ದೊಡ್ಡದಾಗಿ ದೃಷ್ಟಿಗೇ ಕುತ್ತು ಬರಬಹುದು.

ಹದಿನಾರರ ಹುಡುಗಿಗೆ ಚೆಂದ ಕಾಣುವ ಆಸೆ ಇರುವುದು ಸಹಜ. ಅದನ್ನು ಗದರಿ ಅಡಗಿಸಿದರೆ ಅವಳು ಗೆಳತಿಯ ಡಬ್ಬಿಯಿಂದ, ಬಚ್ಚಲುಮನೆಯ ಅರೆಗತ್ತಲಲ್ಲಿ, ಕದ್ದು ಹಚ್ಚಿಕೊಳ್ಳುತ್ತಾಳೆ. ಅದೇ ಹೆಚ್ಚಿನ ಅಪಾಯ. ಅದರ ಬದಲು ರಜೆಯ ಒಂದು ಮಧ್ಯಾಹ್ನ ತಾಯಿ, ಮಗಳು ಕಿಟಕಿಯ ಬೆಳಕಿನಲ್ಲಿ ಕೂತು ಮನೆಯಲ್ಲಿರುವ ಡಬ್ಬಿಗಳನ್ನೆಲ್ಲ ಹೊರಗೆ ತೆಗೆಯಲಿ. ಚೀಟಿ ಇಲ್ಲದ್ದು, ಅವಧಿ ಮೀರಿದ್ದು ಕಸದ ಬುಟ್ಟಿ ಸೇರಲಿ. ಉಳಿದದ್ದರಿಂದ ಒಂದು ತೆಳು ಗೆರೆ, ಒಂದು ಹಗುರ ನೆರಳು ಹಚ್ಚುವುದನ್ನು ಇಬ್ಬರೂ ಕೂಡಿ ಕಲಿಯಲಿ. ಗ್ಯಾದರಿಂಗ್ ಮುಗಿದು ಬಣ್ಣ ತೊಳೆದುಹೋದ ಮೇಲೂ ಆ ಕಣ್ಣುಗಳಿಂದಲೇ ಓದಬೇಕು, ಪರೀಕ್ಷೆ ಬರೆಯಬೇಕು.